ತಲೆ ಬಗ್ಗಿಸಿದರೆ ಮೋಡ, ಎತ್ತಿದರೆ ಬೆಳಕು

ಕಾರು ಮನೆಗೆ ಬಂದ ಮೊದಲ ವರ್ಷ ನಾನು ಅದರ ಒಂದು ಸ್ಕ್ರೂ ಕೂಡ ಬದಲಾಯಿಸಲಿಲ್ಲ. ಫೋಟೊ ಮಾತ್ರ ತೆಗೆದೆ. ಬೆಳಗಿನ ಜಾವ, ನಡುಮಧ್ಯಾಹ್ನ, ಮಂಜಿನಲ್ಲಿ, ಪೆಟ್ರೋಲ್ ಬಂಕಿನ ಟ್ಯೂಬ್‌ಲೈಟಿನ ಕೆಳಗೆ. ಸ್ಯಾನ್ ಹೋಸೆಯ ನಮ್ಮ ಮನೆಯ ಮುಂದೆ ನಿಲ್ಲುವ ಆ ಕಾರು 1990ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಅದನ್ನು ಕರೆಯುವುದು ಮಿಯಾಟ ಅಂತ. ಎರಡೇ ಸೀಟು, ಹಿಂದಕ್ಕೆ ಮಡಚಿಡುವ ಬಟ್ಟೆಯ ಟಾಪು, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಕೆಂಪು ಬಣ್ಣ. ಸ್ಪೋರ್ಟ್ಸ್ ಕಾರು ಕೊಂಡವರು ಮೊದಲ ತಿಂಗಳಲ್ಲೇ ಚಕ್ರ, ಸ್ಪ್ರಿಂಗು, ಸೈಲೆನ್ಸರು ಅಂತ ಹಣ ಸುರಿಯಲು ಶುರುಮಾಡುವುದನ್ನು ತುಂಬ ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಇಷ್ಟೆ: ಮೊದಲು ಕ್ಯಾಮೆರಾ, ಆಮೇಲೆ ಸ್ಪ್ಯಾನರು.

ಹೀಗೆ ಹೇಳಲು ಈ ಕಾರಿನ ಹುಟ್ಟೇ ನನಗೆ ಧೈರ್ಯ ಕೊಟ್ಟಿದೆ. ಬ್ರಿಟನ್ನಿನ ಹಗುರ, ತೆರೆದ ಸ್ಪೋರ್ಟ್ಸ್ ಕಾರುಗಳು ಮರೆಯಾಗುತ್ತಿದ್ದ ಕಾಲ ಅದು. ಅಂಥದ್ದೊಂದನ್ನು ನೀವೇಕೆ ಮಾಡಬಾರದು ಎಂದು ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರನ್ನು ಕೇಳಿದರು. ಮುಂದೆ ಹಾಲ್ ಅದೇ ಕಂಪನಿಯನ್ನು ಸೇರಿದರು. ಹತ್ತು ವರ್ಷದ ನಂತರ, 1989ರ ಫೆಬ್ರವರಿಯಲ್ಲಿ, ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾರು ಜನರ ಮುಂದೆ ನಿಂತಿತು. ಮೊದಲ ರೂಪ ಮೂಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ಟಾಮ್ ಮಟಾನೊ ಮತ್ತು ಅವರ ಸಂಗಡಿಗರ ಕೈಯಲ್ಲಿ. ಅದನ್ನು ತಿದ್ದಿ ತೀಡಿ ಅಂತಿಮಗೊಳಿಸಿದವರು ಜಪಾನಿನ ಷುಂಜಿ ತನಾಕಾ. ಮೈಯ ಏರಿಳಿತ ತೀಡುವಾಗ ಅವರ ಮನಸ್ಸಿನಲ್ಲಿದ್ದದ್ದು ಜಪಾನಿನ ನೋ ನಾಟಕದ ಮುಖವಾಡ.

ಆ ಮುಖವಾಡದ ವಿಷಯ ಸ್ವಲ್ಪ ಹೇಳಬೇಕು. ಅದು ಮರದ್ದು. ಅದರಲ್ಲಿ ಕೆತ್ತಿರುವ ಭಾವ ಒಂದೇ, ಅದೂ ನಗುವೋ ಅಳುವೋ ಎಂದು ಹೇಳಲಾಗದಂಥದ್ದು. ನಟ ತಲೆಯನ್ನು ತುಸು ಮೇಲೆತ್ತಿದರೆ ಕೆನ್ನೆಗೆ ಬೆಳಕು ಬಿದ್ದು ಮುಖ ಅರಳುತ್ತದೆ. ತುಸು ಬಗ್ಗಿಸಿದರೆ ಕಣ್ಣಿನ ಕುಳಿಯಲ್ಲಿ ನೆರಳು ತುಂಬಿ ದುಃಖ ಕವಿಯುತ್ತದೆ. ಎತ್ತುವುದಕ್ಕೆ ಅಲ್ಲಿ ತೆರಸು ಅನ್ನುತ್ತಾರೆ, ಬೆಳಗಿಸುವುದು ಅಂತ ಅರ್ಥ. ಬಗ್ಗಿಸುವುದಕ್ಕೆ ಕುಮೊರಸು, ಮೋಡ ಕವಿಸುವುದು. ಮರ ಮಾತ್ರ ಇದ್ದಂತೆಯೇ ಇರುತ್ತದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಹಾಸನದಲ್ಲಿದ್ದ ನಮ್ಮ ತಂದೆಯ ಫೋಟೊ ಸ್ಟುಡಿಯೊ. ಗಂಡಿನ ಕಡೆಯವರಿಗೆ ಕಳಿಸಲು ಹುಡುಗಿಯ ಫೋಟೊ ಬೇಕೆಂದು ಜನ ಬರುತ್ತಿದ್ದರು. ಅಪ್ಪ ಲೈಟು ಸರಿಮಾಡಿ, ಕ್ಯಾಮೆರಾದ ಹಿಂದೆ ಹೋಗಿ, ಮತ್ತೆ ಹೊರಗೆ ತಲೆ ಹಾಕಿ, “ಗದ್ದ ಒಂಚೂರು ಇಳಿಸಮ್ಮ... ಇನ್ನೊಂಚೂರು... ಸಾಕು” ಅನ್ನುತ್ತಿದ್ದರು. ಪೌಡರು, ಬಿಂದಿ, ಸೀರೆ ಎಲ್ಲ ಆಮೇಲಿನ ಮಾತು. ಆ ಒಂಚೂರಿನಲ್ಲಿ ಮುಖವೇ ಬೇರೆಯಾಗುವುದನ್ನು ನಾನು ಕಣ್ಣಾರೆ ನೋಡುತ್ತಾ ಬೆಳೆದೆ.

ಕಾರಿನ ಫೋಟೊ ತೆಗೆಯುವವರು ತಿಳಿಯಬೇಕಾದ ಮೊದಲ ಸತ್ಯ: ನೀವು ತೆಗೆಯುತ್ತಿರುವುದು ಕಾರನ್ನಲ್ಲ, ಕಾರಿನ ಮೇಲೆ ಬಿದ್ದ ಆಕಾಶವನ್ನು. ಹೊಳಪುಳ್ಳ ಬಣ್ಣ ಒಂದು ಕನ್ನಡಿ. ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ಬೀದಿಬದಿಯಲ್ಲಿ ನಿಲ್ಲಿಸಿ ತೆಗೆದರೆ ಬಾಗಿಲಿನ ತುಂಬ ಎದುರುಮನೆಯ ಗೇಟು, ಕಸದ ತೊಟ್ಟಿ, ಲೈಟುಕಂಬ, ಜೊತೆಗೆ ಮೊಣಕಾಲೂರಿದ ನೀವು. ಆಗ ಕಾರಿನ ರೇಖೆ ಎಲ್ಲಿ ಕಾಣಬೇಕು? ಅದಕ್ಕೇ ನಾನು ಬಯಲು ಹುಡುಕಿಕೊಂಡು ಹೋಗುತ್ತೇನೆ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ನನ್ನ ಹೊತ್ತು. ಆಗ ನೇರ ಬಿಸಿಲಿರುವುದಿಲ್ಲ, ಪಡುವಣ ಆಕಾಶ ಪೂರ್ತಿ ಒಂದೇ ದೊಡ್ಡ ಮೆತ್ತನೆಯ ದೀಪವಾಗಿರುತ್ತದೆ. ಭೂಮಿ ಮತ್ತು ಆಕಾಶ ಸೇರುವ ಗೆರೆ ಕಾರಿನ ಪಕ್ಕೆಯ ಮೇಲೆ, ಹೆಡ್‌ಲೈಟಿನಿಂದ ಹಿಂದಿನ ದೀಪದವರೆಗೆ, ಒಂದೇ ಎಳೆಯಾಗಿ ಹರಿಯುತ್ತದೆ. ಮೇಲೆ ತಿಳಿಗೆಂಪು, ಕೆಳಗೆ ಗಾಢ. ಆ ಗೆರೆ ಮುಂದಿನ ಚಕ್ರದ ಮೇಲೆ ಉಬ್ಬಿ, ಬಾಗಿಲಿನಲ್ಲಿ ಸೊಂಟದಂತೆ ಇಳಿದು, ಹಿಂದಿನ ಚಕ್ರದ ಮೇಲೆ ಮತ್ತೆ ಏರುತ್ತದೆ. ತನಾಕಾ ಮಾಡಿದ್ದು ಏನೆಂದು ನನಗೆ ಅರ್ಥವಾದದ್ದು ಆ ಗೆರೆ ನೋಡಿದ ಸಂಜೆ.

ಮೊಬೈಲಿನಲ್ಲಿ ತೆಗೆದ ಕಾರಿನ ಮೂತಿ ಉಬ್ಬಿಕೊಂಡು ಕಪ್ಪೆಯಂತೆ ಕಾಣುವುದು ಹತ್ತಿರದಿಂದ, ಅಗಲದ ಲೆನ್ಸಿನಲ್ಲಿ ತೆಗೆಯುವುದರಿಂದ. ನಾನು ಹತ್ತು ಹದಿನೈದು ಮೀಟರ್ ಹಿಂದೆ ಸರಿದು 85 ಅಥವಾ 135 ಮಿ.ಮೀ. ಲೆನ್ಸ್ ಹಾಕುತ್ತೇನೆ. ಕ್ಯಾಮೆರಾ ಬಾಗಿಲಿನ ಹಿಡಿಯ ಎತ್ತರಕ್ಕೆ ಇರಬೇಕು, ಅಂದರೆ ಮೊಣಕಾಲೂರಲೇಬೇಕು. ಮುಂದಿನ ಚಕ್ರ ತಿರುಗಿಸಿಟ್ಟರೆ ಅದರ ಮುಖ ನಮ್ಮ ಕಡೆ ಇರಲಿ, ಟೈರಿನ ಪಟ್ಟೆ ಅಲ್ಲ. ಪೋಲರೈಸರ್ ಫಿಲ್ಟರನ್ನು ಕಾರಿನವರು ಬಹಳ ಹೊಗಳುತ್ತಾರೆ. ಗಾಜಿನಿಂದ, ಬಣ್ಣದಿಂದ ಓರೆಯಾಗಿ ಚಿಮ್ಮುವ ಬೆಳಕನ್ನು ಅದು ತಡೆಯುತ್ತದೆ, ನಿಜ. ಆದರೆ ಪೂರ್ತಿ ತಿರುಗಿಸಿ ಎಲ್ಲ ಪ್ರತಿಫಲನ ಅಳಿಸಿದರೆ ಕಾರು ಸತ್ತಂತೆ ಕಾಣುತ್ತದೆ. ಬಾನೆಟ್ಟಿನ ಮೇಲಿನ ಗಲೀಜು ಪ್ರತಿಬಿಂಬ ಹೋಗಿ, ಪಕ್ಕೆಯ ಗೆರೆ ಉಳಿಯುವ ಜಾಗಕ್ಕೆ ಫಿಲ್ಟರು ನಿಲ್ಲಿಸಬೇಕು. ಅದಕ್ಕೆ ಸೂತ್ರವಿಲ್ಲ, ತಿರುಗಿಸುತ್ತಾ ನೋಡಬೇಕು. ಕತ್ತಲಾದ ಮೇಲೆ ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, 30 ಸೆಕೆಂಡ್ ಷಟರು ತೆರೆದು, ಕಪ್ಪು ಬಟ್ಟೆ ತೊಟ್ಟು ಎಲ್‌ಇಡಿ ಕೋಲು ಹಿಡಿದು ಕಾರಿನುದ್ದಕ್ಕೂ ನಡೆಯುವ ಆಟವೂ ಇದೆ. ಅದರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ನನಗೆ ಆಕಾಶದ ಬೆಳಕೇ ಇಷ್ಟ.

ಒಂದು ವರ್ಷದ ಫೋಟೊಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಕಾರೇ ತನಗೆ ಏನು ಬೇಕೆಂದು ಹೇಳಿತು.

ಮೊದಲನೆಯದು ಬಣ್ಣ. ಆ ಕಾಲದ ಕೆಂಪು ಮಿಯಾಟಕ್ಕೆ ಮೇಲೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಮೇಲ್ಮೈ. ಬಿಸಿಲಿಗೆ ಅದು ಪುಡಿಪುಡಿಯಾಗಿ ಗುಲಾಬಿಗೆ ತಿರುಗುತ್ತದೆ. ಬರಿಗಣ್ಣಿಗೆ ನನ್ನ ಕಾರು ಚೆನ್ನಾಗಿಯೇ ಇತ್ತು. ಫೋಟೊದಲ್ಲಿ ಮಾತ್ರ ಬಾನೆಟ್ಟು ಒಂದು ಕೆಂಪು, ಬಾಗಿಲು ಇನ್ನೊಂದು ಕೆಂಪು. ಮೂರು ಭಾನುವಾರ ಕೈಯಲ್ಲೇ ಪಾಲಿಶ್ ಮಾಡಿದೆ. ಬಟ್ಟೆಗೆ ಕುಂಕುಮದಂಥ ಕೆಂಪು ಹತ್ತುತ್ತದೆ, ಅದು ಕಾರಿನ ಬಣ್ಣವೇ. ಪ್ರತಿ ಸಲ ಒಂದು ಪದರ ಹೋಗುತ್ತದೆ ಎಂಬ ಎಚ್ಚರ ಇರಬೇಕು. ಒಳಗಿನಿಂದ ಎದ್ದು ಬಂದ ಕೆಂಪನ್ನು ನೋಡಿ, ಹೊಸ ಬಣ್ಣ ಹೊಡೆಸುವ ಯೋಚನೆಯನ್ನೇ ಬಿಟ್ಟೆ.

ಎರಡನೆಯದು ಚಕ್ರ. ಇಲ್ಲಿ ನಾನು ತಪ್ಪಿದ್ದೇನೆ. ಕಂಪನಿಯಿಂದ ಬಂದದ್ದು 14 ಇಂಚಿನ, ಏಳು ಕಡ್ಡಿಯ, ಬಹಳ ಹಗುರವಾದ ಅಲಾಯ್ ಚಕ್ರ. ಹಳೆಯ ಬ್ರಿಟಿಷ್ ರೇಸು ಕಾರುಗಳ ಚಕ್ರದ ಛಾಯೆ ಅದರಲ್ಲಿದೆ. ಅಂಗಡಿಯವರ ಮಾತು ಕೇಳಿ 17 ಇಂಚಿನದು ಹಾಕಿಸಿಕೊಂಡು ಬಂದೆ. ಆ ಸಂಜೆಯ ಫೋಟೊದಲ್ಲಿ ಕಾರು, ಅಣ್ಣನ ಷೂ ಹಾಕಿಕೊಂಡು ನಿಂತ ಚಿಕ್ಕ ಹುಡುಗನ ಹಾಗಿತ್ತು. ಓಡಿಸಿದಾಗಲೂ ವ್ಯತ್ಯಾಸ ತಿಳಿಯಿತು. ಸ್ಪ್ರಿಂಗಿನ ಕೆಳಗಿರುವ ತೂಕ ಹೆಚ್ಚಿದರೆ ಪ್ರತಿ ಗುಂಡಿಗೂ ಚಕ್ರ ಕುಪ್ಪಳಿಸುತ್ತದೆ, ಸ್ಟೇರಿಂಗಿನ ಚುರುಕು ಮಂಕಾಗುತ್ತದೆ. ಕಣ್ಣಿಗೆ ಸಲ್ಲದ್ದು ಕೈಗೂ ಸಲ್ಲಲಿಲ್ಲ. ಕೊನೆಗೆ ಹಳೆಯ ಚಕ್ರಗಳನ್ನೇ ತೊಳೆದು, ಗೀರು ತೆಗೆಸಿ, ಮತ್ತೆ ಹಾಕಿದೆ.

ಮೂರನೆಯದು ಎತ್ತರ. ಪಕ್ಕದಿಂದ ತೆಗೆದ ಎಲ್ಲ ಚಿತ್ರದಲ್ಲೂ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಕಪ್ಪು ಸಂದು ದೊಡ್ಡದಾಗಿ ಕಾಣುತ್ತಿತ್ತು. ಸ್ಪ್ರಿಂಗು, ಷಾಕ್ ಅಬ್ಸಾರ್ಬರ್ ಎರಡನ್ನೂ ಬದಲಾಯಿಸಿ 25 ಮಿ.ಮೀ. ಇಳಿಸಿದೆ. ಇನ್ನೂ ಇಳಿಸಿದರೆ ಚಿತ್ರಕ್ಕೆ ಇನ್ನೂ ಚೆಂದ ಅನ್ನುವವರಿದ್ದಾರೆ. ಈ ಕಾರಿನ ಸಸ್ಪೆನ್ಷನ್ನಿಗೆ ಮೊದಲೇ ಓಡಾಟದ ಜಾಗ ಕಮ್ಮಿ, ಹೆಚ್ಚು ಇಳಿಸಿದರೆ ತಿರುವಿನ ನಡುವೆ ರಬ್ಬರಿನ ಮೇಲೆ ಕೂತುಬಿಡುತ್ತದೆ. ಅಂಥ ಚೆಂದ ನನಗೆ ಬೇಡ.

ಜಪಾನಿನಲ್ಲಿ ಮಾರಿದ ವಿ-ಸ್ಪೆಷಲ್ ಎಂಬ ಹಸಿರು ಕಾರಿಗೆ ನಾರ್ಡಿ ಕಂಪನಿಯ ಮರದ ಸ್ಟೇರಿಂಗು ಬರುತ್ತಿತ್ತು. ಅದರ ಆಸೆ ನನಗೆ ಇವತ್ತಿಗೂ ಇದೆ. ಆದರೆ ನನ್ನ ಸ್ಟೇರಿಂಗಿನೊಳಗೆ ಏರ್‌ಬ್ಯಾಗ್ ಇದೆ, ಅದನ್ನು ಕಿತ್ತು ಹಾಕಲು ಮನಸ್ಸಿಲ್ಲ. ಗೇರಿನ ಗುಂಡು ಮಾತ್ರ ಮರದ್ದು ಹಾಕಿಕೊಂಡೆ. ಎಂಜಿನ್ ತಂಟೆಗೆ ಹೋಗಿಲ್ಲ. ಕ್ಯಾಲಿಫೋರ್ನಿಯಾದ ಹೊಗೆ ಪರೀಕ್ಷೆ ಕಟ್ಟುನಿಟ್ಟು, ಗಾಳಿ ಎಳೆಯುವ ಕೊಳವೆ ಬದಲಾಯಿಸಬೇಕಾದರೂ ಅದಕ್ಕೆ ರಾಜ್ಯದ ಮಂಜೂರಾತಿ ಸಂಖ್ಯೆ ಇರಬೇಕು. ಊರಿನ ಓದುಗರಿಗೆ ಇನ್ನೂ ಎಚ್ಚರ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವಿಷಯದಲ್ಲಿ, ಗಾಡಿ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಬಣ್ಣ ಬದಲಾಯಿಸಿದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಪಾಲಿಶ್ ಬಟ್ಟೆಗೂ ಕ್ಯಾಮೆರಾಕ್ಕೂ ಯಾರ ಒಪ್ಪಿಗೆಯೂ ಬೇಡ.

ಹಿಂದಿನ ದೀಪ ಕಿತ್ತು ಎಲ್‌ಇಡಿ ಸರ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಆ ಮೊಟ್ಟೆಯಾಕಾರದ ದೀಪದ ವಿನ್ಯಾಸ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹ ಸೇರಿದೆ. ಮುಂದಿನ ದೀಪಗಳದ್ದು ಇನ್ನೊಂದು ಕಥೆ. ಗುಂಡಿ ಒತ್ತಿದರೆ ಬಾನೆಟ್ಟಿನೊಳಗಿಂದ ಎದ್ದು ಕಣ್ಣು ಬಿಡುವ ಹೆಡ್‌ಲೈಟು 1997ರ ಮಾದರಿಯವರೆಗೆ ಮಾತ್ರ ಇತ್ತು, ಎರಡನೆಯ ತಲೆಮಾರಿನಲ್ಲಿ ಇಲ್ಲವಾಯಿತು. ಹಗಲಿನ ಚಿತ್ರಕ್ಕೆ ಕಣ್ಣು ಮುಚ್ಚಿರಲಿ, ಸಂಜೆಗೆ ತೆರೆದಿರಲಿ. ಇದು ನನ್ನ ನಿಯಮ.

ಅಕ್ಕನ ಮಗ ಈಚೆಗೆ ನಾಲ್ಕನೆಯ ತಲೆಮಾರಿನ ಮಿಯಾಟ ಕೊಂಡ. ಅದರ ಕೆಂಪು ಬೇರೆ ಜಾತಿಯದು. ಅಡಿಯಲ್ಲಿ ಅಲ್ಯುಮಿನಿಯಂ ಹಕ್ಕಳೆಗಳ ಪದರ, ಮೇಲೆ ಬೆಳಕು ಹಾಯುವ ಕೆಂಪು, ಅದರ ಮೇಲೆ ಕ್ಲಿಯರ್ ಕೋಟ್. ಎರಡೇ ವಾರದಲ್ಲಿ ಹಿಂದೆ ಒಂದು ಕಪ್ಪು ರೆಕ್ಕೆ, ಮುಂದೆ ಒಂದು ತುಟಿ ಹಾಕಿಸಿದ. “ಮಾವ, ಫೋಟೊ ಯಾಕೋ ಚೆನ್ನಾಗಿ ಬರ್ತಿಲ್ಲ. ನೀವು ಬಂದು ತೆಗೀತೀರಾ?” ಅಂತ ಫೋನು ಮಾಡಿದ.

“ನಾನು ತೆಗೆಯಲ್ಲ ಕಣೋ, ನೀನೇ ತೆಗಿ. ಶನಿವಾರ ನಾಲ್ಕಕ್ಕೆ ಹೊರಡೋಣ” ಅಂದೆ.

ಕರೆದುಕೊಂಡು ಹೋದದ್ದು ಮೌಂಟ್ ಹ್ಯಾಮಿಲ್ಟನ್ ರಸ್ತೆಗೆ. ಸ್ಯಾನ್ ಹೋಸೆಯ ಪೂರ್ವದ ಬೆಟ್ಟದ ತುದಿಯಲ್ಲಿ, ಸುಮಾರು 1,280 ಮೀಟರ್ ಎತ್ತರದಲ್ಲಿ, ಲಿಕ್ ಖಗೋಳ ವೀಕ್ಷಣಾಲಯ ಇದೆ. ಅದನ್ನು ಕಟ್ಟುವ ಸಾಮಾನನ್ನು ಕುದುರೆಗಾಡಿಗಳು ಎಳೆದೊಯ್ಯಲೆಂದು 1876ರಲ್ಲಿ ಈ ದಾರಿ ಮಾಡಿದರು. ಕುದುರೆಗೆ ಆಯಾಸವಾಗಬಾರದೆಂದು ಏರನ್ನು ನೂರಕ್ಕೆ ಆರೂವರೆ ಮೀರದಂತೆ ಇಟ್ಟರು. ಅದಕ್ಕಾಗಿಯೇ ರಸ್ತೆ ನೂರಾರು ತಿರುವು ಹಾಕಿಕೊಂಡು ಬೆಟ್ಟ ಬಳಸುತ್ತದೆ. ಮಿಯಾಟ ಕಟ್ಟಿದವರು ತಮ್ಮ ಕೆಲಸಕ್ಕೆ ಇಟ್ಟುಕೊಂಡ ಮಂತ್ರ ಜಿನ್ಬಾ ಇತ್ತಾಯಿ, ಕುದುರೆ ಮತ್ತು ಸವಾರ ಒಂದೇ ಆಗುವುದು. ಈ ಕಾರಿಗೆ ಇದಕ್ಕಿಂತ ತಕ್ಕ ರಸ್ತೆಯನ್ನು ನಾನು ಕಂಡಿಲ್ಲ.

ತುದಿಗೆ ಇನ್ನೂ ದೂರವಿರುವಾಗಲೇ ರಸ್ತೆಬದಿಯಲ್ಲಿ ಅಗಲವಾದ ಜಾಗ ಸಿಕ್ಕಿತು. ಎರಡು ಕಾರನ್ನೂ ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದೆವು. ಸೂರ್ಯ ಮುಳುಗಿತು. ಹುಡುಗ ಒಂದಷ್ಟು ತೆಗೆದು ನೋಡಿದ. “ಎರಡೂ ಸಿಟ್ಟು ಮಾಡ್ಕೊಂಡಿರೋ ಹಾಗಿದೆ, ಮಾವ” ಅಂದ. ಬಾನೆಟ್ಟಿನ ಮೇಲೆ ಬೆಳಕಿಲ್ಲ, ಮೂತಿಯ ಕೆಳಗೆಲ್ಲ ನೆರಳು. ಈಗ ತಿರುಗಿಸಿ ನಿಲ್ಲಿಸು ಅಂದೆ. ಕಾರುಗಳ ಮೂತಿ ಏರಿನ ಕಡೆ ಆಯಿತು. ನೂರಕ್ಕೆ ಆರೂವರೆ ಏರು ಅಂದರೆ ಲೆಕ್ಕದಲ್ಲಿ ನಾಲ್ಕು ಡಿಗ್ರಿಗೂ ಕಮ್ಮಿ. ಅಷ್ಟಕ್ಕೇ ಆಕಾಶ ಬಾನೆಟ್ಟಿನ ಮೇಲೆ ಇಳಿದು, ಕಮಾನುಗಳ ಮೇಲೆ ಹರಿದು, ಬಾಗಿಲಿನುದ್ದಕ್ಕೂ ಹೋಯಿತು. ನನ್ನ ಕಾರಿನ ಹೆಡ್‌ಲೈಟು ಎತ್ತಿದೆ. ಅವನು ಮಾತಾಡದೆ ತೆಗೆಯುತ್ತಲೇ ಇದ್ದ. ಮೊದಲು ನನ್ನದು, ಆಮೇಲೆ ತನ್ನದು, ಆಮೇಲೆ ರೆಕ್ಕೆ ಕಾಣದ ಹಾಗೆ ಮುಂದಿನಿಂದ ತನ್ನದು.

ಸ್ವಲ್ಪ ಹೊತ್ತಾದ ಮೇಲೆ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೈ ಆಡಿಸಿ ಹೇಳಿದ: “ಮಾವ, ನಿಮ್ಮದನ್ನ ಒಂಚೂರು ಹಿಂದಕ್ಕೆ ಬಿಡಿ... ಇನ್ನೊಂಚೂರು... ಸಾಕು.”