ಗಲೀಫದ ಬ್ಯಾಂಡು, ಹುಣಸೆ ಮರದ ಖಯಾಲು

ಸಂಗೀತೋತ್ಸವದ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಸಂಜೆ ಬಂದು, ಮುಂದಿನ ಸಾಲಿನಲ್ಲಿ ಕುಳಿತು, ರಾಗದ ಹೆಸರು ಬರೆದುಕೊಂಡು ಹೋಗುತ್ತಾರೆ. ನಾವೂ ಹಾಗೆ ಮಾಡಿದವರೇ. ಈ ಸಲ ಮಿರಜಿನ ಖ್ವಾಜಾ ಮೀರಾಸಾಹೇಬ್ ದರ್ಗಾದ ಉರೂಸಿಗೆ ಬೆಳಿಗ್ಗೆಯೇ ಹೋಗಿ ಮುಟ್ಟಿದೆವು. ಸಂಗೀತಪ್ರೇಮವೇನೂ ಕಾರಣವಲ್ಲ. ಉರ್ದು ಶಾಲೆಯಲ್ಲಿ ನಮ್ಮ ಜೊತೆ ತಟ್ಟಿನ ಮೇಲೆ ಕುಳಿತ ಇಬ್ಬರು ಗೆಳೆಯರು ಸಿಗುತ್ತೇವೆಂದಿದ್ದರು. ಒಬ್ಬ ತಂಬೂರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಇನ್ನೊಬ್ಬ ಬ್ಯಾಂಡ್ ಪಾರ್ಟಿಯಲ್ಲಿ ಕ್ಲಾರಿನೆಟ್ ಊದುತ್ತಾನೆ.

ಅಥಣಿ ಕಡೆಯಿಂದ ಬಸ್ಸು ಹತ್ತಿದರೆ ಕಾಗವಾಡ ದಾಟುತ್ತಲೇ ಮಹಾರಾಷ್ಟ್ರ. ಬೋರ್ಡುಗಳ ಲಿಪಿ ಬದಲಾಗುತ್ತದೆ, ಜನರ ಮಾತು ಅಷ್ಟಾಗಿ ಬದಲಾಗುವುದಿಲ್ಲ. ತಂಬೂರಿಯ ಗೆಳೆಯ ತನ್ನ ಓಣಿಯಲ್ಲಿ ಚಹಾ ಕುಡಿಸಿದ. ಇಲ್ಲಿ ಸಿತಾರು, ತಂಬೂರಿ ಮಾಡಲು ತೊಡಗಿದ ಫರೀದ್ ಸಾಹೇಬರ ಮನೆತನ ಮೊದಲು ಆಯುಧಗಳ ಕೆಲಸ ಮಾಡುತ್ತಿದ್ದ ಶಿಕಲಗಾರರದು. ಕತ್ತಿಗೆ ಗಿರಾಕಿ ಕಡಿಮೆಯಾದಾಗ ಅವರ ಕೈಗಳು ಸೋರೆಬುರುಡೆಗೆ ತಂತಿ ಕಟ್ಟಲು ಕಲಿತವು. 2024ರಲ್ಲಿ ಮಿರಜಿನ ಸಿತಾರು ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೂಲಿ ಹೆಚ್ಚಿತೇ ಎಂದು ಕೇಳಿದೆವು. ಗೆಳೆಯ ನಕ್ಕು ಇನ್ನೊಂದು ಕಪ್ ತರಿಸಿದ.

ಅಷ್ಟರಲ್ಲಿ ಬ್ಯಾಂಡು ಕೇಳಿಸಿತು. ಈ ದರ್ಗಾಕ್ಕೆ ಮಾನದ ಮೊದಲ ಗಲೀಫ ಅರ್ಪಿಸುವ ಹಕ್ಕು ಚರ್ಮಕಾರ ಸಮಾಜದ್ದು. ಇದು ಇಲ್ಲಿಯ ಹಳೆಯ ಪದ್ಧತಿ, ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಆಮೇಲೆ ಬೇರೆ ಬೇರೆ ಓಣಿಗಳ ಗಲೀಫಗಳು ಬ್ಯಾಂಡು ಬಾರಿಸಿಕೊಂಡು ಬರುತ್ತವೆ. ನಮ್ಮ ಗೆಳೆಯನ ಪಾರ್ಟಿ ಕೆಂಪು ಕೋಟು ತೊಟ್ಟಿತ್ತು. ಅವನ ಕೋಟಿನ ಭುಜದ ಜರಿ ಒಂದು ಕಡೆ ಹರಿದಿತ್ತು. ನಮ್ಮನ್ನು ಕಂಡು ಹುಬ್ಬು ಹಾರಿಸಿದ, ಬಾಯಿ ಖಾಲಿ ಇರಲಿಲ್ಲ.

ನುಡಿಸುತ್ತಿದ್ದುದು ರಫಿಯ ಒಂದು ಹಳೆಯ ಚಿತ್ರಗೀತೆ. ಟ್ರಂಪೆಟ್ಟು ಒರಟಾಗಿತ್ತು, ತಾಳದ ತಟ್ಟೆಗಳು ಎಲ್ಲವನ್ನೂ ಮುಚ್ಚಿಬಿಡುತ್ತಿದ್ದವು. ಇದನ್ನೆಲ್ಲ ಮರೆಮಾಚಿ ಹೊಗಳುವುದು ಗೆಳೆತನವಾದೀತು, ವಿಮರ್ಶೆಯಾಗದು. ಆದರೆ ಕ್ಲಾರಿನೆಟ್ಟು ಮಾತ್ರ ಬೇರೆ ಏನೋ ಮಾಡುತ್ತಿತ್ತು. ಅದು ಪಾಶ್ಚಾತ್ಯ ಸ್ಥಾಯಿಗೆ ಕೊರೆದ ತೂತುಗಳ ವಾದ್ಯ. ನಮ್ಮವನು ತುಟಿಯ ಒತ್ತು ಬದಲಿಸಿ, ಬೆರಳನ್ನು ತೂತಿನಿಂದ ಪೂರ್ತಿ ಎತ್ತದೆ ಸರಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಿದ್ದ. ರಫಿಯ ಗಂಟಲು ಎಲ್ಲಿ ಜಾರಿದೆಯೋ ಅಲ್ಲಿಯೇ. ಇದನ್ನು ಅವನಿಗೆ ಯಾವ ಗುರುವೂ ಹೇಳಿಕೊಡಲಿಲ್ಲ, ರೇಡಿಯೋ ಕಲಿಸಿತು.

ಅವನ ವೈರಿ ಅದೇ ಪಾರ್ಟಿಯ ತಳ್ಳುಗಾಡಿಯ ಮೇಲಿತ್ತು. ಕೀಬೋರ್ಡು, ಅದಕ್ಕೆ ಎರಡು ದೊಡ್ಡ ಸ್ಪೀಕರು, ಹಿಂದೆ ಡೀಸೆಲ್ ಜನರೇಟರು. ಕ್ಲಾರಿನೆಟ್ಟು ಎಲ್ಲಿ ಬಾಗುತ್ತದೋ ಅಲ್ಲಿ ಕೀಬೋರ್ಡು ನೇರವಾದ ಸ್ವರವನ್ನು ಗಟ್ಟಿಯಾಗಿ ಒತ್ತುತ್ತದೆ. ಕೇಳುವವನಿಗೆ ಕ್ಲಾರಿನೆಟ್ಟೇ ಅಪಸ್ವರವೆನಿಸುತ್ತದೆ! ಇಪ್ಪತ್ತು ಜನರ ಪಾರ್ಟಿ ಈಗ ಒಂಬತ್ತಕ್ಕೆ ಇಳಿದಿದೆ ಎಂದು ಗೆಳೆಯ ಆಮೇಲೆ ಹೇಳಿದ. ಉಳಿದವರ ಕೂಲಿ ಗಾಡಿಗೆ ಹೋಗುತ್ತದೆ. ಗಾಡಿಯೂ ಬೇಡ, ಡಿಜೆ ಸಾಕು ಎನ್ನುವ ಮದುವೆಗಳೇ ಈಗ ಹೆಚ್ಚು.

ಬ್ಯಾಂಡಿನವರನ್ನು ಸಂಗೀತಗಾರರೆಂದು ಎಣಿಸದಿರುವುದು ನಮ್ಮ ಶಾಸ್ತ್ರೀಯ ರಸಿಕರ ದೊಡ್ಡ ಮರೆವು. ಉಸ್ತಾದ್ ಅಲ್ಲಾವುದ್ದೀನ್ ಖಾನರು ಕಲ್ಕತ್ತೆಯಲ್ಲಿ ಕ್ಲಾರಿನೆಟ್ಟನ್ನೂ ಕಲಿತವರು, ಲೋಬೊ ಎಂಬ ಗೋವಾದ ಬ್ಯಾಂಡ್‌ಮಾಸ್ಟರನಿಂದ ಪಾಶ್ಚಾತ್ಯ ಪಿಟೀಲನ್ನು ಕಲಿತವರು. ಮೈಹರ್ ಸಂಸ್ಥಾನದಲ್ಲಿ 1918ರ ಮಹಾಮಾರಿಯ ನಂತರ ತಬ್ಬಲಿಯಾದ ಮಕ್ಕಳನ್ನು ಸೇರಿಸಿ ಅವರು ಕಟ್ಟಿದ್ದೂ ಒಂದು ಬ್ಯಾಂಡನ್ನೇ. ಬಂದೂಕಿನ ನಳಿಗೆಗಳನ್ನು ಕತ್ತರಿಸಿ 'ನಳ ತರಂಗ' ಎಂಬ ವಾದ್ಯ ಮಾಡಿಸಿದರು. ರವಿಶಂಕರ್, ಅಲಿ ಅಕ್ಬರ್ ಖಾನರ ಗುರುವಿಗೆ ಬ್ಯಾಂಡು ಕೀಳಾಗಿ ಕಾಣಲಿಲ್ಲ.

ಸಂಜೆ ದರ್ಗಾದ ಅಂಗಳದ ಹುಣಸೆ ಮರದ ಬಳಿ ಶಾಸ್ತ್ರೀಯ ಗಾಯನ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ನೆನಪಿನ ಸಭೆಯಿದು. ಖಾನ್ ಸಾಹೇಬರು ತೀರಿಕೊಂಡದ್ದು 1937ರಲ್ಲಿ, ತಮಿಳುನಾಡಿನ ಒಂದು ರೈಲು ನಿಲ್ದಾಣದಲ್ಲಿ. ಮಣ್ಣಾದದ್ದು ಈ ದರ್ಗಾದ ಆವರಣದಲ್ಲಿ. ಕನ್ನಡಿಗರಿಗೆ ಅವರ ಋಣ ದೊಡ್ಡದು: ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಸಂಗೀತ ಹರಾಮೋ ಹಲಾಲೋ ಎಂದು ನಮ್ಮ ಮೊಹಲ್ಲಾಗಳಲ್ಲಿ ಜಗಳ ನಡೆಯುವಾಗ ಈ ಗೋರಿಯ ನೆನಪು ಯಾರಿಗೂ ಆಗುವುದಿಲ್ಲ. ಆ ಜಗಳವನ್ನು ಇಲ್ಲಿ ತೀರ್ಮಾನಿಸುವ ಯೋಗ್ಯತೆ ನಮಗಿಲ್ಲ. ಗೋರಿ ಇದೆ ಎಂದಷ್ಟೇ ಹೇಳುತ್ತೇವೆ.

ಮೊದಲು ಹಾಡಿದ ಯುವಕ ತಾನುಗಳನ್ನು ಪಟಾಕಿಯಂತೆ ಹಚ್ಚಿ ಎಸೆದ, ಚಪ್ಪಾಳೆ ಬಿತ್ತು. ಎರಡನೆಯವರು ಮಧ್ಯವಯಸ್ಸಿನ ಗಾಯಕಿ. ಶುದ್ಧ ಕಲ್ಯಾಣ ಎತ್ತಿಕೊಂಡು ಷಡ್ಜದ ಮೇಲೆಯೇ ಬಹಳ ಹೊತ್ತು ಕುಳಿತರು. ಈ ರಾಗದ ಅವರೋಹದಲ್ಲಿ ನಿಷಾದ, ಮಧ್ಯಮಗಳನ್ನು ನೇರವಾಗಿ ಮುಟ್ಟುವುದಿಲ್ಲ. ಮೀಂಡಿನ ದಾರಿಯಲ್ಲಿ ಸವರಿಕೊಂಡು ಹೋಗಬೇಕು. ಗಾಯಕಿ ಸವರಿದರು. ಹಿಂದೆ ಕುಳಿತ ಹಾರ್ಮೋನಿಯಂ ಅದೇ ನಿಷಾದವನ್ನು ಗುಂಡಿ ಒತ್ತಿದಂತೆ ಒತ್ತಿತು. ಬೆಳಗಿನ ತಳ್ಳುಗಾಡಿ ನೆನಪಾಯಿತು. 1910ರ ಸುಮಾರಿಗೆ ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟಾಗ ಹಾಡಿ ತೋರಿಸಿದವರು ಇದೇ ಕರೀಂ ಖಾನರು. ಹಾರ್ಮೋನಿಯಂ ಪಟ್ಟಿಗಳ ನಡುವೆ ಏನಿದೆಯೆಂದು ಅವರ ಗಂಟಲು ಬಲ್ಲದು. ಅವರ ಹೆಸರಿನ ಸಭೆಯಲ್ಲಿ ಸಾರಂಗಿ ಇರಲಿಲ್ಲ. ಮೂಲದಲ್ಲಿ ಇದು ಸಾರಂಗಿಯವರ ಘರಾಣೆ.

ಬ್ಯಾಂಡಿನ ಗೆಳೆಯ ತಡವಾಗಿ ಬಂದ. ಕೆಂಪು ಕೋಟು ಮಡಚಿ ಬಗಲಲ್ಲಿಟ್ಟುಕೊಂಡು, ಬೂಟು ಕೈಯಲ್ಲಿ ಹಿಡಿದು, ಚಪ್ಪಲಿ ಬಿಡುವ ಜಾಗದ ಹತ್ತಿರವೇ ಕುಳಿತುಬಿಟ್ಟ. ಮುಂದೆ ಜಾಗವಿತ್ತು. ಕರೆದೆವು, ಬರಲಿಲ್ಲ. ನಾವೇ ಎದ್ದು ಅವನ ಪಕ್ಕಕ್ಕೆ ಹೋದೆವು. ಗಾಯಕಿ ಪಂಚಮದಿಂದ ಗಾಂಧಾರಕ್ಕೆ ಇಳಿಯುತ್ತಿದ್ದಾಗ ಅವನ ಬೆರಳುಗಳು ಮೊಣಕಾಲ ಮೇಲೆ ನಿಧಾನವಾಗಿ ಸರಿಯುತ್ತಿದ್ದವು, ಪೂರ್ತಿ ಎತ್ತದೆ. ರಾಗದ ಹೆಸರು ಕೇಳಿದ. ಹೇಳಿದೆವು. "ಇದು ಬರುತ್ತೆ ನನಗೆ, ಹೆಸರು ಗೊತ್ತಿರಲಿಲ್ಲ" ಎಂದ.

ಭೈರವಿಯವರೆಗೆ ಇರು ಎಂದರೆ ಒಪ್ಪಲಿಲ್ಲ. ಬೆಳಿಗ್ಗೆ ಆರಕ್ಕೆ ಕಾಗವಾಡದ ಹತ್ತಿರ ಒಂದು ಮದುವೆಯಂತೆ. ಡಿಜೆಯವನು ಕೈಕೊಟ್ಟದ್ದರಿಂದ ಕೊನೆ ಗಳಿಗೆಯಲ್ಲಿ ಇವರನ್ನು ಕರೆದಿದ್ದಾರೆ. ದರ್ಗಾದ ಬಾಗಿಲಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತ, ಇವತ್ತು ನಮ್ಮದರಲ್ಲಿ ಏನು ತಪ್ಪಿತ್ತು ಹೇಳು ಎಂದು ಕೇಳಿದ. ತಾಳದ ತಟ್ಟೆ ಜಾಸ್ತಿಯಾಯಿತು ಎಂದೆವು. "ಅದು ನನ್ನ ಮಗ" ಎಂದ.