ಬಾಲದಿಂದ ತಲೆಗೆ

ಗದ್ವಾಲ್ ಸೀರೆಗೆ ಒಡಲು ಹತ್ತಿ, ಅಂಚು-ಸೆರಗು ರೇಷ್ಮೆ. ಸೆರಗಿನ ಜರಿ ಚಿತ್ತಾರ ಜಕಾರ್ಡ್ ಮಗ್ಗದಲ್ಲಿ ಮೂಡುವಾಗ, ತೂತು ಕೊರೆದ ರಟ್ಟಿನ ಕಾರ್ಡುಗಳ ಸರ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತದೆ. ಹೊಕ್ಕು ತಪ್ಪಿತೋ, ನೇಕಾರ ಸರವನ್ನು ಹಿಂದಕ್ಕೆ ತಿರುಗಿಸುತ್ತ ಕೊನೆಗೆ ಹಾಕಿದ ಎಳೆಯನ್ನೇ ಮೊದಲು ಬಿಚ್ಚುತ್ತಾನೆ. ಅಷ್ಟಕ್ಕಾಗಿ ಉಲ್ಟಾ ಸರವೊಂದನ್ನು ಯಾರೂ ಬೇರೆ ಹೊಲಿಯುವುದಿಲ್ಲ.

ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವ ಬಳಗದ ಒಂದು ಪಂಗಡ ಮಾತ್ರ ಅಂಥ ಉಲ್ಟಾ ಸರ ಹೊಲಿಯುತ್ತಲೇ ಇದೆ! ಪಟ್ಟಿಯ ಮುಂದೆ [::-1] ಎಂದು ಬರೆದರೆ ಇಡೀ ಪಟ್ಟಿಯ ತಿರುವು ನಕಲು ನೆನಪಿನಲ್ಲಿ ತಯಾರಾಗುತ್ತದೆ. ಹತ್ತು ಸಾಲಿಗೆ ಚಿಂತೆಯಿಲ್ಲ, ಕೋಟಿ ಸಾಲಿಗೆ ಅದು ಶುದ್ಧ ದುಂದು. ರೇಮಂಡ್ ಹೆಟ್ಟಿಂಗರ್ ಪ್ರಸ್ತಾಪಿಸಿ, 2004ರಲ್ಲಿ ಪೈಥಾನ್ 2.4ನೇ ಆವೃತ್ತಿಗೆ ಸೇರಿದ 'ರಿವರ್ಸ್ಡ್' ಎಂಬ ಫಂಕ್ಷನ್ ನಕಲು ಮಾಡದೆ ಬಾಲದಿಂದ ತಲೆಗೆ ನಡೆಯುತ್ತದೆ. ಓದುವವರಿಗೂ ಉದ್ದೇಶ ತಟ್ಟನೆ ತಿಳಿಯುತ್ತದೆ. ನಕಲೇ ಬೇಕಾದಲ್ಲಿ ಹೊರತು [::-1] ಎಂಬ ಆ ಚಮತ್ಕಾರಕ್ಕೆ ಜಾಗವಿಲ್ಲ.

ಹಿಮ್ಮುಖ ನಡಿಗೆಯ ನಿಜವಾದ ಬೆಲೆ ಗೊತ್ತಾಗುವುದು ಅಳಿಸುವಾಗ. 10, 20, 20, 30 ಎಂಬ ಪಟ್ಟಿಯಿಂದ 20ಗಳನ್ನು ತೆಗೆಯಬೇಕು. ಸ್ಥಾನಸಂಖ್ಯೆ ಹಿಡಿದು ಮುಂದಿನಿಂದ ಹೊರಟರೆ, ಮೊದಲ 20 ಹೋದ ಕೂಡಲೇ ಎರಡನೆಯದು ಅದರ ಜಾಗಕ್ಕೆ ಜರುಗುತ್ತದೆ. ಎಣಿಕೆ ಅದನ್ನು ದಾಟಿ ಹೋಗಿರುತ್ತದೆ, 20 ಅಲ್ಲೇ ಉಳಿಯುತ್ತದೆ. ಹಿಂದಿನಿಂದ ಬಂದರೆ ಜರುಗುವುದೆಲ್ಲ ಆಗಲೇ ನೋಡಿ ಮುಗಿದ ಭಾಗ. ಎರಡೂ ಹೋಗುತ್ತವೆ.

ಮಗ್ಗದ ಮಾತು ಬಂದ ಮೇಲೆ ಏಡಾ ಲವ್ಲೇಸ್ ಅವರನ್ನು ನೆನೆಯದೆ ಇರಲಾಗದು. ಚಾರ್ಲ್ಸ್ ಬ್ಯಾಬೇಜ್ ತಾವು ರೂಪಿಸಿದ ಗಣಕಯಂತ್ರದ ಯೋಜನೆಯಾದ ಅನಲಿಟಿಕಲ್ ಎಂಜಿನ್ನಿಗೆ ಜಕಾರ್ಡ್ ಕಾರ್ಡುಗಳನ್ನೇ ಎರವಲು ತಂದಿದ್ದರು. ಆ ಎಂಜಿನ್ ಕುರಿತ 1843ರ ಟಿಪ್ಪಣಿಗಳಲ್ಲಿ ಲವ್ಲೇಸ್, ಕಾರ್ಡು ಹೊತ್ತ ಪಟ್ಟಕವನ್ನು ಹಿಂದಕ್ಕೆ ತಿರುಗಿಸಿ ಅವೇ ಕಾರ್ಡುಗಳನ್ನು ಬೇಕಾದಷ್ಟು ಸಲ ಮತ್ತೆ ಬಳಸುವ ಏರ್ಪಾಡನ್ನು ವಿವರಿಸುತ್ತಾರೆ. ಇಂದಿನ ಲೂಪಿನ ಬೇರು ಅಲ್ಲಿದೆ. ಮಗ್ಗದಲ್ಲಿ ಬಿಚ್ಚಲು ಬೇಕಾದ ಚಲನೆ ಎಂಜಿನ್ನಿನಲ್ಲಿ ಪುನರಾವರ್ತನೆಯಾಗಿದ್ದು ಗಣಕ ಚರಿತ್ರೆಯ ಅತಿ ಸುಂದರ ತಿರುವುಗಳಲ್ಲೊಂದು. ಕೋಡ್ ಕಲಿಸುವವರು ಆ ಟಿಪ್ಪಣಿಗಳನ್ನು ಮೊದಲ ವಾರದಲ್ಲೇ ಓದಿಸಬೇಕು.

ಹಿಮ್ಮುಖ ಲೂಪಿನಲ್ಲಿ ಸಿ++ ಬರೆಯುವವರಿಗೆ ಅಪಾಯ ಇನ್ನೊಂದು ಕಡೆ ಕಾದಿದೆ. ಋಣಸಂಖ್ಯೆ ಹಿಡಿಯದ 'ಸೈಜ್_ಟಿ' ಜಾತಿಯ ಎಣಿಕೆಯಲ್ಲಿ ಸೊನ್ನೆಯಿಂದ ಒಂದು ಕಳೆದರೆ, 64 ಬಿಟ್ ಯಂತ್ರದಲ್ಲಿ 18446744073709551615 ಆಗುತ್ತದೆ. 'ಸೊನ್ನೆ ಅಥವಾ ಹೆಚ್ಚು' ಎಂಬ ಷರತ್ತು ಸುಳ್ಳಾಗುವುದೇ ಇಲ್ಲ. ಲೂಪು ಪಟ್ಟಿಯ ಎಲ್ಲೆ ಮೀರುತ್ತದೆ. ಪಟ್ಟಿಯನ್ನು ಹಿಂದಿನಿಂದ ನಡೆಸುವ 'ಆರ್‌ಬಿಗಿನ್', 'ಆರ್‌ಎಂಡ್' ಬಳಸಿದರೆ ಈ ಲೆಕ್ಕದ ಗೊಡವೆಯೇ ಇರುವುದಿಲ್ಲ. ನಾರಾಯಣಪೇಟೆಯಲ್ಲಿರಲಿ, ಮಕ್ತಲ್‌ನಲ್ಲಿರಲಿ, ಹೈದರಾಬಾದಿನ ಕಚೇರಿಯಲ್ಲಿರಲಿ, ಕೋಡ್ ಬರೆಯುವ ಓದುಗರು ಈ ವಾರ ತಮ್ಮ ಕಡತಗಳಲ್ಲಿ ಸೊನ್ನೆಯತ್ತ ಇಳಿಯುವ ಲೂಪುಗಳನ್ನು ಹುಡುಕಿ, ಎಣಿಕೆಯ ಜಾತಿ ಯಾವುದೆಂದು ಒಮ್ಮೆ ನೋಡಿಬಿಡಲಿ.