ನೆತ್ತರ ಜಾಡಿಗೆ ಎಂಥ ಬೆಳಕು?

ಗಾಯಗೊಂಡ ಪ್ರಾಣಿಯನ್ನು ಕತ್ತಲಲ್ಲಿ ಹುಡುಕುವ ಬ್ಯಾಟರಿಗೆ ಇರುವ ಕೆಲಸ ಎರಡು. ಪ್ರಾಣಿಯ ಕಣ್ಣಿನ ಹೊಳಪನ್ನು ದೂರದಿಂದಲೇ ಹಿಡಿಯುವುದು ಒಂದು, ಕಾಲಬುಡದಲ್ಲಿ ಬಿದ್ದ ನೆತ್ತರ ಹನಿಯನ್ನು ಬಣ್ಣಗೆಡದಂತೆ ತೋರಿಸುವುದು ಇನ್ನೊಂದು. ಅಂಗಡಿಯಲ್ಲಿ ಜಂಬದಿಂದ ಮಾರಾಟವಾಗುವ ದೀಪಗಳೆಲ್ಲ ಮೊದಲನೆಯದಕ್ಕೆ ಹೇಳಿಮಾಡಿಸಿದವು. ಜಾಡು ತಪ್ಪುವುದು ಎರಡನೆಯದರಲ್ಲಿ.

ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್ಸನ್ (1910–1974) ರೈಫಲಿಗೇ ಟಾರ್ಚು ಬಿಗಿದುಕೊಂಡು ಮಚಾನಿನಲ್ಲಿ ಕೂರುತ್ತಿದ್ದವರು. ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಕನ್ನಡದ ಓದುಗರಿಗೆ ಅವರು ಚಿರಪರಿಚಿತ. ಆ ಕಾಲದ ಶಿಕಾರಿಗಳಲ್ಲಿ ಒಂದು ಅಲಿಖಿತ ಕಟ್ಟಳೆಯಿತ್ತು: ಏಟು ತಿಂದ ಚಿರತೆಯ ಬೆನ್ನು ಹತ್ತುವುದು ಬೆಳಕು ಹರಿದ ಮೇಲೆ. ಅದು ಬರೀ ಜೀವಭಯವಲ್ಲ, ಟಾರ್ಚಿನ ಮಿತಿ ಬಲ್ಲವರ ವಿವೇಕ. ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕೃತಕ ಬೆಳಕು ಬಳಸುವುದನ್ನೇ ನಿರ್ಬಂಧಿಸಿತು. 1991ರ ತಿದ್ದುಪಡಿಯಿಂದ ಪರವಾನಗಿ ಬೇಟೆಯೂ ನಿಂತಿತು. ಹಾಗಾಗಿ ಇಂದು ಈ ಬೆಳಕು ಬೇಕಾಗಿರುವುದು ಅರಣ್ಯ ಸಿಬ್ಬಂದಿಗೆ, ಪಶುವೈದ್ಯರಿಗೆ, ಪ್ರಾಣಿರಕ್ಷಣೆಯ ಸ್ವಯಂಸೇವಕರಿಗೆ.

ಬಿಟಿಎಂ ಲೇಔಟಿನಂಥ ಬಡಾವಣೆಗೂ ಇದು ದೂರದ ಮಾತಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಹೊಸೂರು ರಸ್ತೆಯ ಆಚೀಚೆ, ಸಿಂಗಸಂದ್ರ–ಕೂಡ್ಲು ಗೇಟ್ ಕಡೆ, ಚಿರತೆಯೊಂದು ಕಾಣಿಸಿಕೊಂಡಿತು. ನವೆಂಬರ್ 1ರಂದು ಸೆರೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಗುಂಡೇಟಿನಿಂದ ಸತ್ತಿತು. ಬಡಾವಣೆಯ ನಿತ್ಯದ ಪ್ರಸಂಗಗಳು ಇಷ್ಟು ದೊಡ್ಡವಲ್ಲ: ಗಾಡಿಗೆ ಸಿಕ್ಕ ಬೀದಿನಾಯಿ, ಮೋರಿಗೆ ನುಗ್ಗಿದ ಪುನುಗು ಬೆಕ್ಕು, ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡು ಮಡಿವಾಳ ಕೆರೆಯ ದಂಡೆಯ ಪೊದೆಗೆ ಬಿದ್ದ ಹದ್ದು. ಆದರೆ ಇಲ್ಲಿ ಜಾಡು ಹಿಡಿಯುವುದು ಕಾಡಿಗಿಂತ ಕಷ್ಟ. ಕಾಂಕ್ರೀಟಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಸ್ಕೂಟರಿನಡಿ ಸೋರಿದ ಆಯಿಲ್ ಕಲೆ, ಎಲೆಅಡಿಕೆಯ ಉಗುಳು, ಗೇಟಿನ ಮುಂದೆ ದೃಷ್ಟಿ ತೆಗೆದು ಒಡೆದ ಕುಂಬಳಕಾಯಿಯ ಕುಂಕುಮ, ಇವುಗಳ ನಡುವೆ ನಾಲ್ಕು ಹನಿ ನೆತ್ತರನ್ನು ಬೇರ್ಪಡಿಸಬೇಕು. ಬೀದಿದೀಪ ಹಳೆಯ ಹಳದಿ ಸೋಡಿಯಂ ಆಗಿದ್ದರೆ ನೆತ್ತರೂ ಆಯಿಲೂ ಒಂದೇ ಕಂದು.

ಕಾರಣ ನೆತ್ತರಲ್ಲೇ ಇದೆ. ಅದರ ಹಿಮೋಗ್ಲೋಬಿನ್ ನೀಲಿ, ಹಸಿರು, ಹಳದಿ ಬೆಳಕನ್ನು ಬಹುಮಟ್ಟಿಗೆ ಹೀರಿಕೊಂಡು ಕೆಂಪನ್ನು ಮಾತ್ರ ಹಿಂತಿರುಗಿಸುತ್ತದೆ. ದೀಪದಲ್ಲೇ ಕೆಂಪು ಇಲ್ಲದಿದ್ದರೆ ಹಿಂತಿರುಗಿಸಲು ಏನೂ ಉಳಿಯದು, ಹನಿ ಕಪ್ಪಾಗಿ ಕಾಣುತ್ತದೆ. ಹಳೆಯ ಟಾರ್ಚಿನ ತಂತಿ ಬಲ್ಬು ಮಂಕಾಗಿದ್ದರೂ ಕೆಂಪಿನಲ್ಲಿ ಶ್ರೀಮಂತ. ಅಗ್ಗದ, ನೀಲಿ ಛಾಯೆಯ ಎಲ್‌ಇಡಿ ಕಣ್ಣು ಕುಕ್ಕುವಷ್ಟು ಪ್ರಖರವಾಗಿದ್ದರೂ ಈ ವಿಷಯದಲ್ಲಿ ಬಡವ. ಬಣ್ಣದ ನಿಷ್ಠೆಯನ್ನು ಅಳೆಯುವ ಸಿಆರ್‌ಐ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದು ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪಿನ ಲೆಕ್ಕ ‘ಆರ್9’ ಎಂದು ಬೇರೆಯೇ ಇದೆ, ಡಬ್ಬಿಯ ಮೇಲೆ ಅದನ್ನು ಅಚ್ಚು ಹಾಕುವವರು ಕಡಿಮೆ. ಸಿಆರ್‌ಐ 90ಕ್ಕೆ ಮೇಲಿದ್ದು, ಬಣ್ಣದ ತಾಪ 4000 ಕೆಲ್ವಿನ್ನಿನ ಆಸುಪಾಸಿನಲ್ಲಿರುವ ಬೆಳಕು ಜಾಡಿಗೆ ಒಪ್ಪುತ್ತದೆ.

ಬಣ್ಣದ ಫಿಲ್ಟರುಗಳ ಬಗ್ಗೆ ಹಬ್ಬಿರುವ ನಂಬಿಕೆಗಳಲ್ಲಿ ಹೆಚ್ಚಿನವು ಪೊಳ್ಳು. ಕೆಂಪು ಬೆಳಕು ಪ್ರಾಣಿಯನ್ನು ಅಷ್ಟಾಗಿ ಬೆದರಿಸದು, ನಿಜ. ಆದರೆ ಅದರಡಿ ನೆತ್ತರೂ ತರಗೆಲೆಯೂ ಒಂದೇ ಆಗಿ ಜಾಡು ಮಾಯ. ಹಸಿರಿನಡಿ ಹನಿ ಕಪ್ಪಾಗುತ್ತದೆ. ಬಿಳಿ ಟೈಲ್ಸಿನ ಮೇಲೆ ಇದರಿಂದ ಉಪಯೋಗವುಂಟು, ಡಾಂಬರಿನ ಮೇಲೆ ಇಲ್ಲ. ನೇರಳಾತೀತ ದೀಪದಲ್ಲಿ ನೆತ್ತರು ಮಿನುಗುತ್ತದೆ ಎಂಬುದಂತೂ ಸಿನಿಮಾದ ಕೊಡುಗೆ. ಮಿನುಗುವುದು ಲುಮಿನಾಲ್ ಸಿಂಪಡಿಸಿದಾಗ, ಅದಕ್ಕೆ ದೀಪವೇ ಬೇಡ. ಕಲೆಯ ಬಗ್ಗೆ ಅನುಮಾನವಿದ್ದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಒಂದು ತೊಟ್ಟು ಹಾಕಿ ನೋಡಬಹುದು: ನೆತ್ತರಾದರೆ ಬುರುಬುರು ನೊರೆ ಏಳುತ್ತದೆ, ಆಯಿಲ್ ಸುಮ್ಮನಿರುತ್ತದೆ. ಥರ್ಮಲ್ ಕ್ಯಾಮೆರಾ ಪೊದೆಯ ಸಂದಿಯಲ್ಲಿರುವ ಬೆಚ್ಚನೆಯ ಮೈಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ನೆತ್ತರ ಹನಿ ಬಲುಬೇಗ ತಣ್ಣಗಾಗುವುದರಿಂದ ಜಾಡಿಗೆ ಅದು ಕುರುಡು. ಕಿಟಕಿಯ ಗಾಜಿನಾಚೆಗಂತೂ ಏನನ್ನೂ ಕಾಣದು.

ಇನ್ನು ಲುಮೆನ್ ಹುಚ್ಚು. ಮೂವತ್ತು–ನಲವತ್ತರ ಸೈಟುಗಳ ನಡುವಿನ ಓಣಿಯಲ್ಲಿ ಎರಡು ಸಾವಿರ ಲುಮೆನ್ ಹಾಯಿಸಿದರೆ ಸುಣ್ಣದ ಗೋಡೆಯಿಂದ ಅದು ಹಿಡಿದವರ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ನೋವಿನಲ್ಲಿರುವ ಪ್ರಾಣಿ ಬೆದರಿ ಇನ್ನಷ್ಟು ದೂರ ಓಡುತ್ತದೆ, ಓಡಿದಷ್ಟೂ ನೆತ್ತರು ಹರಿಯುತ್ತದೆ. ನೆಲ ನೋಡಲು ಇನ್ನೂರು–ಮುನ್ನೂರು ಲುಮೆನ್ ಧಾರಾಳ. ಕಿರಿದಾದ ಕಡ್ಡಿಬೆಳಕಿಗಿಂತ ಹರಡುವ ಬೆಳಕು ಲೇಸು. ಹಿಡಿಯುವ ರೀತಿಯೂ ಮುಖ್ಯ: ತಲೆಗೆ ಕಟ್ಟಿದ ದೀಪ ಕಣ್ಣಿನ ನೇರಕ್ಕಿರುವುದರಿಂದ ಪ್ರಾಣಿಯ ಕಣ್ಣಿನ ಹೊಳಪು ಸುಲಭವಾಗಿ ಸಿಗುತ್ತದೆ, ಆದರೆ ನೆಲದ ನೆರಳುಗಳನ್ನು ಅದು ಅಳಿಸಿಹಾಕುತ್ತದೆ. ಮೊಣಕಾಲ ಮಟ್ಟದಲ್ಲಿ ಓರೆಯಾಗಿ ಹಿಡಿದ ಕೈದೀಪದಲ್ಲಿ ಹಸಿ ಹನಿಯ ಮೈ ಮಿಂಚುತ್ತದೆ, ಮಣ್ಣಿನ ಮೇಲಿನ ಪಂಜದ ಗುರುತೂ ಎದ್ದು ಕಾಣುತ್ತದೆ. ಎರಡೂ ಬೇಕು, ಒಂದರಲ್ಲೇ ಮುಗಿಸುತ್ತೇವೆನ್ನುವ ‘ಆಲ್ ಇನ್ ಒನ್’ ಮಾದರಿಗಳು ಎರಡರಲ್ಲೂ ಅರೆಬರೆ.

ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳುವವರು ದೀಪವನ್ನು ಎದುರು ಕಟ್ಟಡಕ್ಕೆ ಹಾಯಿಸಿ ನೋಡುವುದುಂಟು. ತಮ್ಮ ಅಂಗೈ ಮೇಲೆ ಬಿಟ್ಟು ನೋಡಿದರೆ ಹೆಚ್ಚು ತಿಳಿಯುತ್ತದೆ: ಚರ್ಮ ಹೆಣದಂತೆ ಬಿಳಿಚಿಕೊಂಡರೆ ಕೆಂಪು ಕಡಿಮೆ, ಗುಲಾಬಿ ಛಾಯೆ ಉಳಿದರೆ ಸರಿ. ಆಮೇಲೆ ವಿಚಾರಿಸಬೇಕಾದದ್ದು ಸೆಲ್ಲು ಬದಲಿಸಲು ಬರುತ್ತದೆಯೇ, ನೀರು ಬಿದ್ದರೆ ತಡೆಯುತ್ತದೆಯೇ ಎಂಬುದು. ಸೆಲ್ಲನ್ನು ಒಳಗೇ ಕೂರಿಸಿದ, ಯುಎಸ್‌ಬಿ ವೈರಿನಿಂದಷ್ಟೇ ಚಾರ್ಜಾಗುವ ದೀಪ ನಡುರಾತ್ರಿ ರಾಜಕಾಲುವೆಯ ಪಕ್ಕ ಆರಿತೆಂದರೆ ಅವತ್ತಿನ ಹುಡುಕಾಟ ಅಲ್ಲಿಗೆ ಮುಗಿಯಿತು.